ನೀರು ಬಂದ ದಾರಿ

ಇಂಗ್ಲೆಂಡಿನ ಅಬಿಂಗ್ಡನ್ನಿನ ನವೆಂಬರ್ ಮಳೆಗೆ ನಮ್ಮ ಮಲೆನಾಡಿನ ಕೊಪ್ಪದ ಮಳೆಯ ಆರ್ಭಟವಿಲ್ಲ. ಸದ್ದಿಲ್ಲದೆ ಬರುತ್ತದೆ, ರಾತ್ರಿಯಿಡೀ ಸುರಿಯುತ್ತದೆ, ಬೆಳಿಗ್ಗೆ ಏನೂ ಆಗದವರ ಹಾಗೆ ಬಿಸಿಲು ಬಿದ್ದಿರುತ್ತದೆ. 2011ರಲ್ಲಿ ಅಂಥದೊಂದು ಬೆಳಿಗ್ಗೆ, ಕೊಂಡು ಮೂರು ವಾರವಾಗಿದ್ದ 1973ರ ಎಂಜಿಬಿ ಕಾರಿನ ಎಡಬಾಗಿಲು ತೆಗೆದು ಒಳಗೆ ಕಾಲಿಟ್ಟೆ. ಕಾರ್ಪೆಟ್ಟು ಪಚಕ್ಕೆಂದಿತು. ಎತ್ತಿ ಹಿಂಡಿದರೆ ಅರ್ಧ ಬಕೆಟ್ಟು ನೀರು. ಸೀಟಿನ ಹಿಂದೆಯೂ ಒದ್ದೆ. ತಲೆಯೆತ್ತಿ ನೋಡಿದೆ: ಕಪ್ಪು ರೆಕ್ಸಿನ್ನಿನ ಹುಡ್ಡು, ಅಂದರೆ ಕಾರಿನ ಮಡಿಸುವ ಸೂರು, ಮಡಿಕೆಗಳಲ್ಲಿ ಬಿರುಕು, ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿ ತಿರುಗಿ ಹಳೇ ಕನ್ನಡಕದಂತಾಗಿದೆ. ಕಳ್ಳ ಸಿಕ್ಕಿದ ಎಂದುಕೊಂಡೆ. ಹೊಸ ಹುಡ್ಡಿಗೆ ಎಷ್ಟಾಗುತ್ತದೆ ಎಂದು ಅಂದೇ ಸಂಜೆ ವಿಚಾರಿಸಿದೆ.

ಆ ರಾತ್ರಿ ಮಲಗಿದಾಗ ನೆನಪಾದದ್ದು ನಮ್ಮ ಸೋದರಮಾವ. "ನೀರು ಸುಳ್ಳು ಹೇಳ್ತದೆ ಕಣೆ ಪುಟ್ಟಿ. ಇಲ್ಲಿ ತೊಟ್ಟಿಕ್ತು ಅಂದ್ರೆ ಇಲ್ಲಿಂದ ಬಂತು ಅಂತ ಅಲ್ಲ." ಅವರು ಹಾಗೆ ಹೇಳುತ್ತಿದ್ದದ್ದು ಜೀಪಿನ ಬಗ್ಗೆ. ಕಾರಿನ ಹುಡ್ಡಿನ ಚರಿತ್ರೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಮಾತಿನಿಂದ. ಅದಕ್ಕೇ ಇದನ್ನು ಕೊಪ್ಪದಿಂದ ಶುರುಮಾಡುತ್ತೇನೆ.

ಮಾವನದು ಬಸ್‌ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಒಂದು ಕುಶನ್ ವರ್ಕ್ಸ್. ಬಸ್ಸಿನ ಸೀಟು, ಸ್ಕೂಟರಿನ ಸೀಟು, ಆಮೇಲಾಮೇಲೆ ಆಟೋದ ಟಾಪು ಎಲ್ಲವನ್ನೂ ಹೊಲಿಯುತ್ತಿದ್ದರು. ಆದರೆ ಮೇ ತಿಂಗಳು ಬಂತೆಂದರೆ ಬೇರೆ ಕೆಲಸವೆಲ್ಲ ಬದಿಗೆ. ತೋಟದವರ ಜೀಪುಗಳು ಸಾಲಾಗಿ ಬರುತ್ತಿದ್ದವು. ಮುಂಗಾರು ಹಿಡಿಯುವುದರೊಳಗೆ ಹುಡ್ಡು ಆಗಲೇಬೇಕು. ನಮ್ಮ ಕಡೆ ಒಮ್ಮೆ ಹಿಡಿದರೆ ಮೂರು ತಿಂಗಳು ಬಿಡುವ ಮಳೆಯಲ್ಲ. 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಮಹೀಂದ್ರದವರು ತೊಡಗಿದ ಮೇಲೆ ಮಲೆನಾಡಿಗೆ ಬಂದ ಆ ಗಾಡಿಗಳು ಯುದ್ಧಭೂಮಿಗೆಂದು ಹುಟ್ಟಿದವು. ಮೇಲೆ ಮೂರು ಪೈಪು, ಅದರ ಮೇಲೊಂದು ಟಾರ್ಪಾಲು, ಅಷ್ಟೇ. ಆ ಬಗ್ಗಿಸಿದ ಪೈಪುಗಳಿಗೆ ಮಾವನ ಅಂಗಡಿಯಲ್ಲಿ ಇದ್ದ ಹೆಸರು ಕಮಾನು. ಎತ್ತಿನ ಗಾಡಿಗೆ ಬಿದಿರು ಬಗ್ಗಿಸಿ ಮೇಲೆ ಚಾಪೆ ಹೊದಿಸುತ್ತಿದ್ದ ಕಮಾನು ಗಾಡಿಯಿಂದ ಬಂದ ಮಾತು. ಕಮಾನು ಎಂದರೆ ಪಾರಸಿಯಲ್ಲಿ ಬಿಲ್ಲು. ಅಮೆರಿಕದ ಹುಡ್ಡು ಹೊಲಿಯುವವರು ಇಂಥ ಬಾಗಿದ ಕೋಲಿಗೆ ಇಟ್ಟ ಹೆಸರು ಬೋ, ಅಂದರೆ ಅದೂ ಬಿಲ್ಲೇ. ಒಬ್ಬರನ್ನೊಬ್ಬರು ಎಂದೂ ಕಾಣದ ಎರಡು ಕಡೆಯ ಕೆಲಸಗಾರರು ಬಾಗಿದ ಕೋಲೊಂದನ್ನು ನೋಡಿ ಒಂದೇ ಹೆಸರಿಟ್ಟಿದ್ದು ತಿಳಿದ ದಿನ ನನಗೆ ಆದ ಖುಷಿಯನ್ನು ಈಗಲೂ ಮರೆತಿಲ್ಲ.

ರೆಕ್ಸಿನ್ ಎಂಬ ಮಾತೂ ಹೀಗೆಯೇ. ಅದು ಕನ್ನಡದ್ದೇ ಎಂಬಷ್ಟು ಸಲೀಸಾಗಿ ನಾವು ಬಳಸುತ್ತೇವೆ: ರೆಕ್ಸಿನ್ ಬ್ಯಾಗು, ರೆಕ್ಸಿನ್ ಸೀಟು. ಅದು ಮ್ಯಾಂಚೆಸ್ಟರಿಗೆ ಹತ್ತಿರದ ಹೈಡ್ ಎಂಬ ಊರಿನ ಒಂದು ಕಂಪನಿಯ ಹೆಸರು. ಹತ್ತಿಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟು, ಕರ್ಪೂರದೆಣ್ಣೆ, ಬಣ್ಣ ಕಲಸಿ ಬಳಿದು, ಚರ್ಮದ ಹಾಗೆ ಕಾಣಲೆಂದು ಗೆರೆ ಒತ್ತಿದ ಬಟ್ಟೆ. ಇಂಗ್ಲೆಂಡಿನಲ್ಲಿ ಆ ಹೆಸರನ್ನು ಈಗ ಮುದುಕರಷ್ಟೇ ಬಲ್ಲರು. ಕೊಪ್ಪದಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು.

ಹುಡ್ಡಿನ ಬಟ್ಟೆಯ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಪೇಟೆಂಟ್ ಪಡೆದ ಉಪಾಯ ಬಹಳ ಸರಳ. ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಮಿಕ್ಕುತ್ತಿದ್ದ ಕಲ್ಲಿದ್ದಲ ಡಾಂಬರಿನಿಂದ ನಾಫ್ತಾ ತೆಗೆದು ಅದರಲ್ಲಿ ರಬ್ಬರು ಕರಗಿಸುವುದು, ಎರಡು ಬಟ್ಟೆಗಳ ನಡುವೆ ಅದನ್ನು ಬಳಿದು ಒತ್ತಿಬಿಡುವುದು. ನೀರು ಮೇಲಿನ ಬಟ್ಟೆ ದಾಟಿದರೂ ನಡುವಿನ ರಬ್ಬರು ದಾಟುವುದಿಲ್ಲ. ಮೊದಮೊದಲು ಅದು ಬೇಸಿಗೆಯಲ್ಲಿ ಅಂಟಂಟಾಗಿ ಚಳಿಯಲ್ಲಿ ಸೆಟೆದುಕೊಳ್ಳುತ್ತಿತ್ತು. 1840ರ ದಶಕದಲ್ಲಿ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವುದನ್ನು ಕಲಿತ ಮೇಲೆ ಆ ಕಾಟ ನಿಂತಿತು. ಇಂದು ಮೊಹೇರ್ ಹುಡ್ಡು ಎಂದು ಹೆಚ್ಚು ಬೆಲೆಗೆ ಮಾರುವುದೂ ಇದೇ ಮೂರು ಪದರ: ಮೇಲೊಂದು ನೇಯ್ಗೆ, ನಡುವೆ ರಬ್ಬರು, ಒಳಗೆ ಹತ್ತಿ.

ಕಾರು ಹುಟ್ಟುವ ಮೊದಲೇ ಮಡಿಸುವ ಹುಡ್ಡು ಹುಟ್ಟಿತ್ತು. ಜರ್ಮನಿಯ ಲಾಂಡೌ ಪಟ್ಟಣದ ಹೆಸರು ಹೊತ್ತ ಕುದುರೆಗಾಡಿಗೆ ಮುಂದಕ್ಕೊಂದು ಹಿಂದಕ್ಕೊಂದು ಎರಡು ಚರ್ಮದ ಹುಡ್ಡು, ನಡುವೆ ಬಂದು ಕೂಡಿಕೊಳ್ಳುತ್ತಿದ್ದವು. ಅವನ್ನು ಬಿಗಿ ಹಿಡಿಯಲು ಹೊರಗೆ ಹಾವಿನ ಹಾಗೆ ಬಾಗಿದ ಕಬ್ಬಿಣದ ತೋಳು. ಅಮೆರಿಕದಲ್ಲಿ ಶವ ಒಯ್ಯುವ ಕಾರಿನ ಪಕ್ಕದಲ್ಲಿ ಆ ತೋಳನ್ನು ಬರೀ ಅಲಂಕಾರಕ್ಕೆಂದು ಈಗಲೂ ಅಂಟಿಸುತ್ತಾರೆ; ಮಡಿಸಲು ಅಲ್ಲಿ ಏನೂ ಇಲ್ಲ. ಕ್ಯಾಬ್ರಿಯೋಲೆ ಎಂಬುದು ಫ್ರಾನ್ಸಿನ ಎರಡು ಗಾಲಿಯ ಹಗುರ ಗಾಡಿ. ಓಡುವಾಗ ಮೇಕೆಮರಿಯ ಹಾಗೆ ಕುಪ್ಪಳಿಸುತ್ತಿತ್ತೆಂದು ಆ ಹೆಸರು. ಇವನ್ನು ಕಟ್ಟುವ ಕಾರ್ಖಾನೆಗಳಲ್ಲಿ ಮರಗೆಲಸದವರು, ಗಾಲಿಯವರು, ಕಮ್ಮಾರರು, ಬಣ್ಣದವರು ಎಂದು ಪಂಗಡಗಳಿದ್ದವು. ಚರ್ಮ, ಬಟ್ಟೆ, ಹುಡ್ಡು ಎಲ್ಲ ನೋಡಿಕೊಳ್ಳುವವರು ಟ್ರಿಮ್ಮರುಗಳು. ಬ್ರಿಟನ್ನಿನ ಕೋಚು ಕಟ್ಟುವವರು 1834ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಅದೇ 1919ರಲ್ಲಿ ಇತರ ಸಂಘಗಳೊಂದಿಗೆ ಕೂಡಿ ವಾಹನ ಕಟ್ಟುವವರ ರಾಷ್ಟ್ರೀಯ ಸಂಘವಾಯಿತು. ಕುದುರೆ ಹೋಗಿ ಎಂಜಿನ್ ಬಂದಾಗ ಕಮ್ಮಾರರಿಗೂ ಗಾಲಿಯವರಿಗೂ ಕೆಲಸದ ರೀತಿಯೇ ಬದಲಾಯಿತು. ಟ್ರಿಮ್ಮರು ಮಾತ್ರ ಅದೇ ದಬ್ಬಣ, ಅದೇ ಮೇಣದ ದಾರ, ಅದೇ ಮರದ ಸುತ್ತಿಗೆ ಹಿಡಿದು ಪಕ್ಕದ ಮನೆಗೆ ಹೋದ ಹಾಗೆ ಕಾರಿಗೆ ಹೋದ.

ಆಗ ಹುಡ್ಡು ಷೋಕಿಯಲ್ಲ. ಕಾರೆಂದರೇ ಬಟ್ಟೆಯ ಸೂರಿನ ಕಾರು. 1919ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹತ್ತು ಕಾರಿನಲ್ಲಿ ಒಂದಕ್ಕೆ ಮಾತ್ರ ಗಟ್ಟಿ ಛಾವಣಿ ಇತ್ತು. 1927ರ ಹೊತ್ತಿಗೆ ನೂರರಲ್ಲಿ 85ಕ್ಕೆ! ಎಂಟು ವರ್ಷದಲ್ಲಿ ಲೋಕವೇ ತಿರುವುಮುರುವು. ಹಡ್ಸನ್ ಕಂಪನಿ 1922ರಲ್ಲಿ ಎಸ್ಸೆಕ್ಸ್ ಕೋಚ್ ಎಂಬ ಮುಚ್ಚಿದ ಕಾರನ್ನು ತೆರೆದ ಕಾರಿಗಿಂತ ಸ್ವಲ್ಪವೇ ಹೆಚ್ಚು ಬೆಲೆಗೆ ಮಾರಲು ಹೊರಟಿತು. ಕೆಲವೇ ವರ್ಷಗಳಲ್ಲಿ ಮುಚ್ಚಿದ್ದೇ ಅಗ್ಗವಾಯಿತು. ದೊಡ್ಡ ಪ್ರೆಸ್ಸುಗಳು ಉಕ್ಕಿನ ಹಾಳೆಯನ್ನು ಹೊಡೆದು ಛಾವಣಿ ಮಾಡುತ್ತಿರುವಾಗ ದಾರ ಹಿಡಿದು ಕೂತವನಿಗೆ ಏನು ಕೆಲಸ? ಹುಡ್ಡು ಎಲ್ಲರ ಅಗತ್ಯವಾಗಿದ್ದದ್ದು ಕೆಲವರ ಪ್ರೀತಿಯಾಗಿ ಉಳಿಯಿತು. ಆ ಕೆಲವರ ಕಾರುಗಳು ಬಹುಮಟ್ಟಿಗೆ ತಯಾರಾದದ್ದು ಇಂಗ್ಲೆಂಡಿನಲ್ಲಿ, ಅದರಲ್ಲೂ ನಾನೀಗ ಇರುವ ಈ ಚಿಕ್ಕ ಊರಿನಲ್ಲಿ.

ನಾನು ಅಬಿಂಗ್ಡನ್ನಿಗೆ ಬಂದದ್ದು ಕಾರಿಗಾಗಿ ಅಲ್ಲ. ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಸಿಕ್ಕಿ, ಬಾಡಿಗೆ ಕಡಿಮೆ ಎಂದು ಥೇಮ್ಸ್ ದಂಡೆಯ ಈ ಊರಿನಲ್ಲಿ ಮನೆ ಹಿಡಿದೆ. ಇಲ್ಲಿನ ಕಾರಿನ ಕತೆ ಆಮೇಲೆ ತಿಳಿಯಿತು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ಸಿನ ಮ್ಯಾನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳ ಚಾಸಿಗೆ ತನ್ನ ಕಲ್ಪನೆಯ ಒಡಲು ಕೂರಿಸಿ ಮಾರತೊಡಗಿದ. ಮಾರಿಸ್ ಗ್ಯಾರೇಜಸ್ ಎಂಬ ಎರಡು ಪದಗಳ ಮೊದಲಕ್ಷರಗಳೇ ಎಂಜಿ. ಜಾಗ ಸಾಲದೆ 1929ರಲ್ಲಿ ಅಬಿಂಗ್ಡನ್ನಿನ ಪಾವ್ಲೋವಾ ಚರ್ಮದ ಕಾರ್ಖಾನೆಯ ಖಾಲಿ ಬಿದ್ದಿದ್ದ ಭಾಗಕ್ಕೆ ಬಂದ. ಚರ್ಮ ಹದಮಾಡುತ್ತಿದ್ದ ಕಟ್ಟಡಗಳ ಸಾಲಿನಲ್ಲಿ ಸ್ಪೋರ್ಟ್ಸ್ ಕಾರು! ಉಕ್ಕಿನ ಪ್ರೆಸ್ಸುಗಳೇನೂ ಇಲ್ಲಿರಲಿಲ್ಲ. ಒಡಲು, ಎಂಜಿನ್ ಎಲ್ಲ ಬೇರೆ ಊರುಗಳಿಂದ ಬರುತ್ತಿದ್ದವು, ಇಲ್ಲಿ ಜೋಡಣೆ. ಒಂದು ಹಂತದಿಂದ ಇನ್ನೊಂದಕ್ಕೆ ಕಾರನ್ನು ಕೈಯಿಂದಲೇ ತಳ್ಳಿಕೊಂಡು ಹೋಗುತ್ತಿದ್ದರು.

ಆ ಕಾರ್ಖಾನೆಯ ಅಂಗಳದಲ್ಲಿ ಸಣ್ಣಪುಟ್ಟ ಓಡಾಟಕ್ಕೆ ಒಂದು ಹಳೆಯ ಎಂಜಿ ಇತ್ತು. ಅದರ ಒಡಲೇ ಬಟ್ಟೆಯದು: ಮರದ ಚೌಕಟ್ಟಿಗೆ ಕ್ಯಾನ್ವಾಸು ಬಿಗಿದು ಬಣ್ಣ ಬಳಿದದ್ದು. ಬಣ್ಣದ ಮನೆಯ ಹೊರಗೆ ನಿಂತೂ ನಿಂತೂ ಮೈಯೆಲ್ಲ ಚುಕ್ಕಿಯಾಗಿ, ಕೆಲಸಗಾರರು ಅದನ್ನು ಚುಕ್ಕಿಮುದಿಯ ಎನ್ನುವ ಅರ್ಥದ ಹೆಸರಿನಿಂದ ಕರೆದರು. ಊರಿನ ಬಿಯರ್ ತಯಾರಕರು 1979ರಲ್ಲಿ ಕಾರ್ಖಾನೆಯ ಐವತ್ತು ವರ್ಷದ ಹಬ್ಬಕ್ಕೆಂದು ಮಾಡಿದ ಬಿಯರಿಗೆ ಇಟ್ಟದ್ದೂ ಅದೇ ಹೆಸರು. ಅದು ಮುಂದೆ ಓಲ್ಡ್ ಸ್ಪೆಕಲ್ಡ್ ಹೆನ್ ಎಂದು ದೇಶವೆಲ್ಲ ಹಬ್ಬಿತು. ಅದರ ಹೆಸರಿನ ಹಿಂದೆ ಇರುವುದು ಕೋಳಿಯಲ್ಲ, ಬಟ್ಟೆ ಹೊದ್ದ ಕಾರೆಂದು ಕುಡಿಯುವವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಎಂಜಿಯ ಹುಡ್ಡುಗಳನ್ನು ವರ್ಷವಾರು ನೋಡಿದರೆ ಒಡೆಯನ ಮೇಲೆ ಎಷ್ಟು ಹೊರೆ ಹೊರಿಸಿದ್ದರೆಂದು ಕಾಣುತ್ತದೆ. ಯುದ್ಧ ಮುಗಿಯುತ್ತಲೇ ಬಂದ ಟಿಸಿ ಮಾದರಿಗೆ (1945ರಿಂದ 1949, ಒಟ್ಟು ಹತ್ತು ಸಾವಿರ ಕಾರು) ಗಾಜಿನ ಪಕ್ಕಕಿಟಕಿಯೇ ಇಲ್ಲ. ಮಳೆ ಬಂದರೆ ನಿಲ್ಲಿಸಿ, ಸೀಟಿನ ಹಿಂದಿನಿಂದ ಸೈಡ್‌ಸ್ಕ್ರೀನುಗಳನ್ನು ಎಳೆದು ಬಾಗಿಲಿಗೆ ಸಿಕ್ಕಿಸಬೇಕು. 1955ರ ಎಂಜಿಎ ನೋಡಲು ಅಪ್ಸರೆ, ಆದರೆ ಹೊರಗಿನಿಂದ ಬಾಗಿಲು ತೆಗೆಯಲು ಹಿಡಿಯೇ ಇಲ್ಲ. ಒಳಗೆ ಕೈ ಹಾಕಿ ಎಳೆಯಬೇಕು. 1962ರ ಎಂಜಿಬಿ ಬಂದ ಮೇಲೆ ಬಾಗಿಲಿಗೆ ಹಿಡಿಯೂ ತಿರುಗಿಸಿ ಏರಿಸುವ ಗಾಜೂ ಬಂದವು. ಆದರೂ ಹುಡ್ಡಿನ ವಿಷಯದಲ್ಲಿ ಹಳೇ ಹಟ: ಹೆಚ್ಚಿನ ಹಣ ಕೊಟ್ಟರೆ ಮಡಿಸುವ ಹುಡ್ಡು, ಇಲ್ಲದಿದ್ದರೆ ಬಟ್ಟೆಯನ್ನು ಪೂರಾ ಬಿಚ್ಚಿ, ಚೌಕಟ್ಟನ್ನು ಕಳಚಿ ಡಿಕ್ಕಿಯಲ್ಲಿಡಬೇಕು. ಮಳೆಗಾಲದಲ್ಲಿ ಗುಡಾರ ಹೊಡೆಯುವ ಕೆಲಸ ಅದು.

1970ರಲ್ಲಿ ಹೊಸ ಹುಡ್ಡು ಬಂತು. ವಿನ್ಯಾಸ ಇಟಲಿಯ ಟ್ಯೂರಿನ್ನಿನ ಜೊವಾನ್ನಿ ಮಿಕೆಲೊಟ್ಟಿಯದು. ಈ ಹೆಸರನ್ನು ಓದಿದಾಗ ನಾನು ಕೂತಲ್ಲಿಂದ ಎದ್ದೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ರೂಪ ಕೊಟ್ಟವನೂ ಇವನೇ. ನಮ್ಮೂರ ಡಾಕ್ಟರ ಬಳಿ ಒಂದು ಹೆರಾಲ್ಡ್ ಇತ್ತು, ಮುಂಭಾಗವೆಲ್ಲ ಬಾಯಿ ತೆರೆದ ಹಾಗೆ ಒಟ್ಟಿಗೇ ಏಳುತ್ತಿತ್ತು. ಅದರ ಸೀಟಿಗೆ ರೆಕ್ಸಿನ್ ಹೊಲಿದವರು ನಮ್ಮ ಮಾವ. ನನ್ನ ಕಾರಿನ ಹುಡ್ಡು ಮಿಕೆಲೊಟ್ಟಿಯದೇ.

ಇನ್ನು ಆ ಒದ್ದೆ ಕಾರ್ಪೆಟ್ಟಿಗೆ ಬರುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮುದುಕರಿದ್ದರು. ಕಾರ್ಖಾನೆ ಮುಚ್ಚುವ ತನಕ ಅಲ್ಲಿ ಟ್ರಿಮ್ ಕೆಲಸ ಮಾಡಿದವರು. ಈಗವರಿಲ್ಲ, ಹೆಸರು ಬರೆಯುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ, ನಾನೂ ಮನಸ್ಸಿನಲ್ಲಿ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಹೊಸ ಹುಡ್ಡು ತರಿಸುತ್ತೇನೆಂದು ಹೇಳಿದಾಗ ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈಗಲೇ ಏನೂ ಕೊಳ್ಳಬೇಡಿ. ಮೊದಲು ನೀರು ಹಾಕೋಣ" ಎಂದರು. ಮಾವನ ಮಾತು ಇಂಗ್ಲಿಷಿನಲ್ಲಿ ಕೇಳಿಸಿದ ಹಾಗಾಯಿತು.

ನೀರು ಹಾಕುವುದಕ್ಕೆ ಒಂದು ಕ್ರಮವಿದೆ. ಮೇಲಿನಿಂದ ಹೊಯ್ದರೆ ಎಲ್ಲ ಕಡೆಗೂ ಹರಿದು ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಶುರುಮಾಡಿ, ಒಂದೊಂದು ಸಂದಿಗೆ ಐದು ನಿಮಿಷ, ಒಂದು ಗೇಣಿನಂತೆ ಮೇಲಕ್ಕೆ ಹೋಗಬೇಕು. ಒಳಗೊಬ್ಬರು ಟಾರ್ಚು ಹಿಡಿದು ಕೂರಬೇಕು. ಮಾವ ಜೀಪಿನ ನೆಲಕ್ಕೂ ಪಕ್ಕದ ತಗಡಿಗೂ ರಂಗೋಲಿಪುಡಿ ಎರಚುತ್ತಿದ್ದರು. ನೀರು ಹರಿದ ದಾರಿ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಅತ್ತೆಗೆ ಗೊತ್ತಾದರೆ ಬೈಗುಳ ಗ್ಯಾರಂಟಿ. ಅಜ್ಜ ಟಾಲ್ಕಂ ಪೌಡರು ತಂದರು. ನನ್ನ ಅಡುಗೆಮನೆಯ ಕಪಾಟಿನಲ್ಲಿ ಊರಿಂದ ತಂದ ರಂಗೋಲಿಪುಡಿ ಇತ್ತು, ಅದನ್ನೇ ಎರಚಿದೆವು.

ಗಾಜಿನ ಮುಂದೆ, ಬಾನೆಟ್ಟಿಗೂ ಗಾಜಿಗೂ ನಡುವೆ, ಎಂಜಿಬಿಗೆ ಒಂದು ಜಾಲರಿ ಇದೆ. ಹೀಟರಿಗೆ ಗಾಳಿ ಹೋಗುವ ದಾರಿ. ಮಳೆ ನೀರೂ ಎಲೆಯೂ ಅದರಲ್ಲೇ ಇಳಿಯುತ್ತವೆ, ಅದಕ್ಕೆಂದೇ ಕೆಳಗೊಂದು ರಬ್ಬರ್ ಕೊಳವೆ ಇಟ್ಟಿದ್ದಾರೆ. ಅಜ್ಜ ಅಲ್ಲಿಗೆ ನೀರು ಬಿಟ್ಟರು. ಮೂರೇ ನಿಮಿಷ. ಎಡಗಡೆ ಕಾಲಿಡುವ ಜಾಗದ ಮೇಲ್ಭಾಗದಿಂದ ರಂಗೋಲಿಯ ಮೇಲೆ ಸಣ್ಣ ಹೊಳೆಯೊಂದು ಇಳಿದು ಬಂತು. ಹುಡ್ಡಿಗೆ ಇನ್ನೂ ಒಂದು ಹನಿ ನೀರೂ ತಾಗಿರಲಿಲ್ಲ! ನಾನು ಕಾರಿನಡಿ ನುಗ್ಗಿ, ಗೇರ್‌ಬಾಕ್ಸಿನ ಪಕ್ಕದಲ್ಲಿ ಆ ಕೊಳವೆಯ ತುದಿ ಹುಡುಕಿ, ತಂತಿ ತೂರಿಸಿದೆ. ಚಹಾಪುಡಿಯ ಗಸಿಯಂಥ ಕಪ್ಪು ಕೆಸರು ತೋಳಿನ ಮೇಲೆ ಸುರಿಯಿತು, ಹಿಂದೆಯೇ ನೀರು. ಎಷ್ಟೋ ವರ್ಷಗಳ ಎಲೆ ಅಲ್ಲಿ ಕೊಳೆತು ಕೂತಿತ್ತು.

ಹುಡ್ಡಿನ ತಪ್ಪು ಇರಲಿಲ್ಲವೆಂದಲ್ಲ. ಸೀಟಿನ ಹಿಂದಿನ ನೀರು ಅದರದ್ದೇ. ಮುಂದಿನ ಅಡ್ಡಪಟ್ಟಿ ಗಾಜಿನ ಚೌಕಟ್ಟಿಗೆ ಕೂರುವ ಎರಡು ಮೂಲೆಗಳಲ್ಲಿ ರಬ್ಬರು ಒಣಗಿ ಕಲ್ಲಾಗಿತ್ತು. ರೆಕ್ಸಿನ್ನನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ವರ್ಷಗಳಲ್ಲಿ ಆರಿಹೋಗುತ್ತದೆ, ಬಟ್ಟೆ ಗಡುಸಾಗಿ ಕುಗ್ಗುತ್ತದೆ. ಕುಗ್ಗಿದ ಹುಡ್ಡು ಹಿಂಬದಿಯ ಗುಂಡಿಗಳನ್ನು ಎಳೆದೂ ಎಳೆದೂ ಅವುಗಳ ತೂತು ಅಗಲವಾಗಿ, ಅಲ್ಲಿಂದ ನೀರು. ಕಮಾನುಗಳನ್ನು ತಮ್ಮ ತಮ್ಮ ಜಾಗದಲ್ಲಿ ಹಿಡಿದಿಡುವುದು ಮುಂದಿನಿಂದ ಹಿಂದಕ್ಕೆ ಹೋಗುವ ಎರಡು ನವಾರು. ಅವು ಲಡ್ಡಾಗಿದ್ದವು. ನವಾರು ಸಡಿಲವಾದರೆ ಕಮಾನು ಜಾರುತ್ತದೆ, ಬಟ್ಟೆ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಹೊಲಿಗೆಯ ಸೂಜಿತೂತನ್ನು ಹುಡುಕಿಕೊಳ್ಳುತ್ತದೆ. ಹೊಲಿಗೆಗೆ ಮೇಣ ಬಳಿಯುವುದರಿಂದ ಇದು ಸರಿಹೋಗುವುದಿಲ್ಲ. ಮೊದಲು ನವಾರು.

ಈ ಸೋರಿಕೆಯ ಬಗ್ಗೆ ಇಷ್ಟು ಬರೆಯುವುದಕ್ಕೆ ಕಾರಣವಿದೆ. ಬಟ್ಟೆಯ ಸೂರಿನ ಕಾರಿಗೆ ಬಲ ಇರುವುದು ಮೇಲಲ್ಲ, ಬಾಗಿಲ ಕೆಳಗಿನ ಸಿಲ್ಲಿನಲ್ಲಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಉಕ್ಕಿನ ಹಾಳೆಗಳನ್ನು ಪೆಟ್ಟಿಗೆಯ ಹಾಗೆ ಬೆಸೆದ ಆ ಎರಡು ಸಿಲ್ಲುಗಳೇ ಅದರ ಬೆನ್ನೆಲುಬು. ಒಳಗೆ ನಿಂತ ನೀರು ಕಾರ್ಪೆಟ್ಟಿನಡಿ ಹರಿದು ಸೇರುವುದು ಅಲ್ಲಿಗೇ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತುಕ್ಕು ತಿನ್ನುತ್ತಿರುತ್ತದೆ. ಒಂದು ದಿನ ಬಾಗಿಲು ಹಾಕಲು ಹೋದರೆ ಕೂರುವುದಿಲ್ಲ: ನಡು ಬಗ್ಗಿರುತ್ತದೆ. ಎಂಜಿನ್ ಕೆಟ್ಟು ಗುಜರಿಗೆ ಹೋದ ಎಂಜಿಬಿಯನ್ನು ನಾನು ನೋಡಿಲ್ಲ, ಸಿಲ್ಲು ಕೊಳೆತು ಹೋದದ್ದನ್ನು ಎಷ್ಟೋ ನೋಡಿದ್ದೇನೆ. ಹತ್ತು ಪೌಂಡಿನ ರಬ್ಬರು, ಒಂದು ಮೊಳ ನವಾರು ಕಾರಿನ ಆಯುಷ್ಯವನ್ನೇ ತೀರ್ಮಾನಿಸುತ್ತವೆ.

ಇದನ್ನೆಲ್ಲ ಒಡೆಯರೇ ಮಾಡಿಕೊಳ್ಳುವ ರೂಢಿ ಇಂಗ್ಲೆಂಡಿನಲ್ಲಿ ಬಲಿತದ್ದು ಎರಡನೇ ಯುದ್ಧದ ಈಚೆಗೆ. ಹೊಸದಾಗಿದ್ದಾಗ ದುಡ್ಡಿದ್ದವರ ಕೈಯಲ್ಲಿದ್ದ ಸ್ಪೋರ್ಟ್ಸ್ ಕಾರು ಹತ್ತು ವರ್ಷಕ್ಕೆ ಹುಡುಗರ ಕೈಗೆ ಬರುತ್ತದೆ. ಅವರಿಗೆ ಗ್ಯಾರೇಜಿಗೆ ಕೊಡಲು ಹಣವಿಲ್ಲ. ಆ ಹುಡುಗರಿಗೆ ಬಲ ತಂದದ್ದು ಹೇನ್ಸ್ ಕೈಪಿಡಿಗಳು. ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ ಸಿಲೋನಿನ ಚಹಾತೋಟದಲ್ಲಿ. ವಾಯುಪಡೆಯಲ್ಲಿದ್ದು ಏಡನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ ಗೆಳೆಯನೊಬ್ಬನ ಆಸ್ಟಿನ್ ಹೀಲಿ ಸ್ಪ್ರೈಟ್ ರಿಪೇರಿಗೆ ಕೈಹಚ್ಚಿದ. ಕಂಪನಿಯ ಪುಸ್ತಕ ಪಳಗಿದ ಮೆಕ್ಯಾನಿಕ್ಕಿಗೆ ಬರೆದದ್ದು, ಸಾಮಾನ್ಯರಿಗೆ ಏನೂ ಹತ್ತುವುದಿಲ್ಲ. ಹೇನ್ಸ್ ಒಂದೊಂದು ಭಾಗ ಬಿಚ್ಚಿದಂತೆಯೂ ಫೋಟೋ ತೆಗೆದ. 1966ರಲ್ಲಿ ಅದು ಪುಸ್ತಕವಾಯಿತು. ಮೊದಲ ಮುದ್ರಣದ ಮೂರು ಸಾವಿರ ಪ್ರತಿ ಮೂರು ತಿಂಗಳೊಳಗೆ ಖರ್ಚು. ಆ ಸ್ಪ್ರೈಟ್ ತಯಾರಾದದ್ದೂ ನಮ್ಮ ಅಬಿಂಗ್ಡನ್ನಿನ ಎಂಜಿ ಕಾರ್ಖಾನೆಯಲ್ಲೇ. ನನ್ನ ಎಂಜಿಬಿಯ ಹೇನ್ಸ್ ಪುಸ್ತಕ ಹಳೆಯದು. ಹಿಂದೆ ಯಾರೋ ಓದಿ ಬಿಟ್ಟ ಗ್ರೀಸಿನ ಹೆಬ್ಬೆರಳ ಗುರುತು ಪುಟಪುಟಕ್ಕೂ ಇದೆ. ಯಾವ ಪುಟದಲ್ಲಿ ಗುರುತು ಹೆಚ್ಚೋ ಆ ಕೆಲಸ ಕಷ್ಟದ್ದೆಂದು ನಾನು ಮೊದಲೇ ತಿಳಿದುಕೊಳ್ಳುತ್ತೇನೆ.

ಹೊಸ ಹುಡ್ಡು ಹಾಕಿದ್ದು ಮಾರನೇ ವರ್ಷದ ಜುಲೈಯಲ್ಲಿ. ಅಷ್ಟು ತಿಂಗಳು ಕಾಯಿಸಿದ್ದು ಅಜ್ಜ. ಚಳಿಯಲ್ಲಿ ರೆಕ್ಸಿನ್ ಎಳೆದರೆ ಬರುವುದಿಲ್ಲ, ಬಂದಷ್ಟಕ್ಕೆ ಅಂಟಿಸಿದರೆ ಬೇಸಿಗೆಯಲ್ಲಿ ಜೋಲುತ್ತದೆ. "ಬಟ್ಟೆಗೆ ಬಿಸಿಲು ಕುಡಿಸು, ಆಮೇಲೆ ಎಳಿ" ಎಂದು ಮಾವ ಹೇಳುತ್ತಿದ್ದದ್ದೂ ಇದನ್ನೇ. ಬೆಳಿಗ್ಗೆ ಹುಲ್ಲಿನ ಮೇಲೆ ಹರಡಿದೆವು. ಅಷ್ಟರಲ್ಲಿ ಚೌಕಟ್ಟಿನ ತುಕ್ಕು ಉಜ್ಜಿ, ಬಣ್ಣ ಹಚ್ಚಿ, ಹಳೇ ನವಾರಿನ ಅಳತೆಗೆ ಹೊಸದನ್ನು ರಿವೆಟ್ ಹೊಡೆದಾಗಿತ್ತು. ಮಧ್ಯಾಹ್ನ ಬಟ್ಟೆ ಮೆದುವಾಯಿತು. ಹಿಂಬದಿಯ ಮಡಿಕೆಯೊಳಗಿನ ಲೋಹದ ಪಟ್ಟಿಯನ್ನು ಕೊಕ್ಕೆಗಳಿಗೆ ಸಿಕ್ಕಿಸಿ, ಮುಂದಿನ ಅಡ್ಡಪಟ್ಟಿಯನ್ನು ಗಾಜಿನ ಚೌಕಟ್ಟಿಗೆ ಚಿಲಕ ಹಾಕಿ, ಬಟ್ಟೆಯನ್ನು ಇಬ್ಬರೂ ಎರಡು ಮೂಲೆ ಹಿಡಿದು ಮುಂದಕ್ಕೆಳೆದೆವು. ಅಡ್ಡಪಟ್ಟಿಯ ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗೆರೆ. ಆಮೇಲೆ ಚಿಲಕ ಬಿಚ್ಚಿ, ಆ ಗೆರೆಗಿಂತ ಒಂದು ಬೆರಳಿನಷ್ಟು ಬಿಗಿಯಾಗಿ ಅಂಟಿಸಬೇಕು. ಮತ್ತೆ ಚಿಲಕ ಹಾಕುವಾಗ ಆ ಒಂದು ಬೆರಳೇ ಬಟ್ಟೆಯನ್ನು ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ. ಸೊಲ್ಯೂಷನ್ ಬಳಿದು, ಆರುವ ತನಕ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿದೆವು.

ಗುಂಡಿಗಳ ತೂತು ಕೊನೆಗೆ. ಇದರಲ್ಲಿ ತಪ್ಪಿದರೆ ತಿದ್ದುವಂತಿಲ್ಲ. ಮಾವ ತೀರಿಕೊಂಡಾಗ ಅತ್ತೆ ನನಗೆಂದು ಎತ್ತಿಟ್ಟಿದ್ದ ಅವರ ತೂತು ಹೊಡೆಯುವ ಉಳಿಯನ್ನು ನಾನು ತಂದಿದ್ದೆ. ಹಿಡಿ ಅವರ ಅಂಗೈಯ ಬೆವರಿಗೆ ಕಪ್ಪಾಗಿದೆ. ಬೆರಳಿನಿಂದ ತಡವಿ, ಬಟ್ಟೆಯಡಿಯ ಗುಬುಟು ಹುಡುಕಿ, ಗುರುತಿಟ್ಟು, ಒಂದೇ ಪೆಟ್ಟು. ಎರಡನೇ ಪೆಟ್ಟು ಹೊಡೆದರೆ ಅಂಚು ನಾರುನಾರಾಗುತ್ತದೆ. ಅಜ್ಜ ಉಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಹಳೇ ಚರ್ಮದ ಚೀಲದಿಂದ ಅದರಂಥದ್ದೇ ಇನ್ನೊಂದನ್ನು ತೆಗೆದು ಪಕ್ಕಪಕ್ಕ ಇಟ್ಟರು. ನಾವಿಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹುಡ್ಡನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನಗಳೂ ಈ ಚರಿತ್ರೆಯಲ್ಲಿವೆ. ಫ್ರಾನ್ಸಿನ ದಂತವೈದ್ಯ ಜಾರ್ಜ್ ಪೋಲಾಂ 1930ರ ದಶಕದಲ್ಲಿ ಪಿಜೋ ಕಾರುಗಳಿಗೆ ಲೋಹದ ಛಾವಣಿಯೇ ಹಿಂದೆ ಹೋಗಿ ಅಡಗಿಕೊಳ್ಳುವ ಏರ್ಪಾಡು ಮಾಡಿದ. ನಾಜಿಗಳ ಆಕ್ರಮಣದ ಕಾಲದಲ್ಲಿ ಬ್ರಿಟಿಷರಿಗೆ ಗುಟ್ಟಾಗಿ ಮಾಹಿತಿ ಕೊಟ್ಟದ್ದಕ್ಕೆ 1942ರಲ್ಲಿ ಆತನನ್ನು ಗುಂಡಿಟ್ಟು ಕೊಂದರು. 1939ರಲ್ಲಿ ಅಮೆರಿಕದ ಪ್ಲಿಮತ್ ಹುಡ್ಡನ್ನು ಎತ್ತಿ ಇಳಿಸುವುದನ್ನು ಯಂತ್ರಕ್ಕೆ ವಹಿಸಿತು. 1957ರ ಫೋರ್ಡ್ ಸ್ಕೈಲೈನರಿನ ಛಾವಣಿ ಏರಿಳಿಯಲು ಆರುನೂರು ಅಡಿಗೂ ಮಿಕ್ಕಿದ ತಂತಿ, ಹತ್ತು ರಿಲೇ, ಹತ್ತು ಮಿತಿ ಸ್ವಿಚ್ಚು ಬೇಕಾದವು. ಮೂರೇ ವರ್ಷ ಬಾಳಿತು. ಅಂಥ ಛಾವಣಿ ನಡುದಾರಿಯಲ್ಲಿ ನಿಂತರೆ ಕೂಡ ದೋಷ ಹುಡುಕುವ ಕ್ರಮ ಬೇರೆಯಲ್ಲ: ಮೋಟಾರನ್ನು ಬಯ್ಯುವ ಮೊದಲು ಕೊನೆಯ ಚಿಕ್ಕ ಸ್ವಿಚ್ಚು ಒತ್ತಿಕೊಂಡಿದೆಯೇ ನೋಡು. 1996ರಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್ ಹನ್ನೆರಡು ಸೆಕೆಂಡಿನಲ್ಲಿ ಹುಡ್ಡು ಮಡಿಸುತ್ತದೆ, ಆದರೆ ಹ್ಯಾಂಡ್‌ಬ್ರೇಕ್ ಎಳೆದಿರುವುದು ಅದಕ್ಕೆ ಗೊತ್ತಾಗಬೇಕು. ಆ ಸ್ವಿಚ್ಚು ಸತ್ತರೆ ಹುಡ್ಡು ಅಲುಗದು. ಅದರ ಹುಡ್ಡಿನ ಬುಡದ ನೀರುಕೊಳವೆಗೆ ಎಲೆ ಕಟ್ಟಿಕೊಂಡರೆ ನೀರು ಸೀಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗಿ ಕಾರೇ ಹೊರಡುವುದಿಲ್ಲ. ಮತ್ತೆ ಅದೇ ಎಲೆ, ಅದೇ ಕೊಳವೆ.

ತೆರೆದ ಕಾರಿನ ಕತೆಯೇ ಮುಗಿಯಿತೆಂದುಕೊಂಡ ಕಾಲವೂ ಇತ್ತು. ಉರುಳಿಬಿದ್ದಾಗಿನ ಸುರಕ್ಷತೆಯ ಬಗ್ಗೆ ಅಮೆರಿಕದಲ್ಲಿ ಕಾನೂನು ಬರುತ್ತದೆಂದು ಹೆದರಿ ಕಂಪನಿಗಳು ಹುಡ್ಡಿನ ಕಾರು ನಿಲ್ಲಿಸಿದವು. 1976ರ ಏಪ್ರಿಲಿನಲ್ಲಿ ಹೊರಬಂದ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಹುಡ್ಡಿನ ಕಾರೆಂದು ಬೀಳ್ಕೊಟ್ಟರು. ನಿಜಕ್ಕೂ ಮುಗಿದದ್ದು ಅಬಿಂಗ್ಡನ್. 1979ರ ಸೆಪ್ಟೆಂಬರಿನಲ್ಲಿ ಐವತ್ತು ವರ್ಷದ ಹಬ್ಬ ನಡೆದು ಊರಿನ ಬೀದಿಗಳಲ್ಲಿ ತೋರಣ ಇನ್ನೂ ಬಾಡಿರಲಿಲ್ಲ. ಸೋಮವಾರ, ಹತ್ತನೇ ತಾರೀಕು, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಗೆ ಬಂತು. ಹದಿನೆಂಟು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು. ಅಜ್ಜ ಆ ಸೋಮವಾರದ ಬಗ್ಗೆ ಎಂದೂ ಮಾತಾಡುತ್ತಿರಲಿಲ್ಲ, ನಾನೂ ಕೇಳಲಿಲ್ಲ. 1988ರಲ್ಲಿ ಮೂಲ ಅಚ್ಚುಗಳನ್ನೇ ಹುಡುಕಿ ತಂದು ಎಂಜಿಬಿಯ ಒಡಲನ್ನು ಹೊಸದಾಗಿ ತಯಾರಿಸತೊಡಗಿದರು, ಇಲ್ಲಿಂದ ಸ್ವಲ್ಪವೇ ದೂರದ ಫ್ಯಾರಿಂಗ್ಡನ್ನಿನಲ್ಲಿ. ಮಾರನೇ ವರ್ಷ ಜಪಾನಿನ ಮಾಜ್ದಾ ಶಿಕಾಗೋದಲ್ಲಿ ಎಂಎಕ್ಸ್-5 ತೋರಿಸಿತು: ಹಳೇ ಇಂಗ್ಲಿಷ್ ಕಾರುಗಳ ಆಸೆಯಿಂದಲೇ ಹುಟ್ಟಿದ್ದು, ಕೂತಲ್ಲಿಂದ ಒಂದೇ ಕೈಯಲ್ಲಿ ಎತ್ತಿ ಹಾಕಬಹುದಾದ ಬಟ್ಟೆಯ ಹುಡ್ಡು. 2016ರಲ್ಲಿ ಅದರ ಹತ್ತು ಲಕ್ಷದ ಕಾರು ತಯಾರಾಯಿತು.

ನನ್ನ ಹುಡ್ಡಿಗೆ ಈಗ ಹತ್ತು ವರ್ಷ ದಾಟಿದೆ. ಒದ್ದೆ ಇದ್ದಾಗ ಎಂದೂ ಮಡಿಸಿಲ್ಲ. ಶರತ್ಕಾಲದ ಪ್ರತಿ ಭಾನುವಾರ ಜಾಲರಿಯ ಎಲೆ ಹೆಕ್ಕುತ್ತೇನೆ, ತಿಂಗಳಿಗೊಮ್ಮೆ ಕೊಳವೆಗೆ ತಂತಿ ತೂರಿಸುತ್ತೇನೆ. ನಿನ್ನೆ ರಾತ್ರಿ ಸುಮಾರು ಮಳೆಯಾಯಿತು. ಬೆಳಿಗ್ಗೆ ಎಡಗಡೆ ಕಾರ್ಪೆಟ್ಟಿನ ಮೇಲೆ ಅಂಗೈ ಇಟ್ಟೆ: ಒಣ. ಸೀಟಿನ ಹಿಂದೆಯೂ ಒಣ. ಬಲಗಡೆ ಕ್ಲಚ್ಚಿನ ಪೆಡಲಿನ ಹತ್ತಿರ ಮಾತ್ರ ಒಂದು ರೂಪಾಯಿಯಗಲ ಒದ್ದೆ. ಹಿಂದೆ ಅಲ್ಲಿ ಎಂದೂ ಇರಲಿಲ್ಲ. ನೀರಿನ ಪೈಪನ್ನು ಅಂಗಳಕ್ಕೆ ಎಳೆದು, ಕಪಾಟಿನಿಂದ ರಂಗೋಲಿಪುಡಿಯ ಡಬ್ಬಿ ಇಳಿಸಿದ್ದೇನೆ.